ನರ್ಸಿಂಗ್ ಹೋಂಗಳ ನೆಲಕ್ಕೂ ಒಂದು ಖಾತೆ ಬೇಕು

ತುಮಕೂರು ನಗರದ ಯಾವುದೇ ನರ್ಸಿಂಗ್ ಹೋಂನ ಲೆಕ್ಕಪತ್ರಗಳನ್ನು ತೆರೆದರೂ ಸ್ಕ್ಯಾನಿಂಗ್ ಯಂತ್ರಕ್ಕೆ ಸಾಲ, ಸವಕಳಿ, ವಿಮೆ, ವಾರ್ಷಿಕ ನಿರ್ವಹಣಾ ಒಪ್ಪಂದ ಎಲ್ಲವೂ ಕಾಣಸಿಗುತ್ತವೆ. ರೋಗಿಯು ಹೆಜ್ಜೆಯಿಡುವ ನೆಲದ ವೆಚ್ಚ ಮಾತ್ರ ಫಿನಾಯಿಲು, ಪೊರಕೆಗಳೊಡನೆ ‘ಇತರೆ ಖರ್ಚು’ ಎಂಬ ಶೀರ್ಷಿಕೆಯಡಿ ಅಡಗಿರುತ್ತದೆ. ಪ್ರತ್ಯೇಕ ಖಾತೆಯಿಲ್ಲದ ವಸ್ತುವಿಗೆ ಮುಂಗಡಪತ್ರದಲ್ಲಿಯೂ ಹಣವಿರುವುದಿಲ್ಲ.

ಇದು ಕ್ಷುಲ್ಲಕ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾವನ್ನಪ್ಪುತ್ತಾರೆ. ಅವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ಆಸ್ಪತ್ರೆಗೆ ಬರುವವರಂತೂ ನಿಶ್ಶಕ್ತರು.

ಗುಬ್ಬಿ, ಕುಣಿಗಲ್‌ಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ವಾಸದ ಮನೆಯೇ ಆಸ್ಪತ್ರೆಯಾಗಿ ಮಾರ್ಪಟ್ಟಿರುವುದುಂಟು. ಅಲ್ಲಿ ಹಳೆಯ ಮೊಸಾಯಿಕ್ ನೆಲದ ಮೇಲೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಸುವುದೇ ಪ್ರತಿಷ್ಠೆ. ಹೊಳಪು ಹೆಚ್ಚಿದ್ದಷ್ಟೂ ಒದ್ದೆಯಾದಾಗ ಅಪಾಯ. ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆ ತೆಗೆಯಲು ಆ್ಯಸಿಡ್ ಸುರಿಯುವ ರೂಢಿಯು ಬಿಲ್ಲೆಗಳ ನಡುವಿನ ಸಿಮೆಂಟನ್ನು ತಿಂದು ಹಾಕುತ್ತದೆ. ಕೆಲವೇ ವರ್ಷಗಳಲ್ಲಿ ಬಿಲ್ಲೆ ಅಲುಗಾಡತೊಡಗುತ್ತದೆ. ಟೈಲ್ಸ್‌ಗಳಿಗೆ ಆರ್9ರಿಂದ ಆರ್13ರವರೆಗೆ ಜಾರುನಿರೋಧಕ ದರ್ಜೆಯಿದೆ. ಅಂಕಿ ಏರಿದಂತೆ ಹಿಡಿತ ಹೆಚ್ಚು. ಕೊಳ್ಳುವವರು ಕೇಳುವುದಿಲ್ಲ. ವರ್ತಕ ಬಾಂಧವರು ತಾವಾಗಿಯೇ ತಿಳಿಸಿದರೆ ವ್ಯಾಪಾರಕ್ಕೇನೂ ನಷ್ಟವಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ವಿಳಂಬ ದುಬಾರಿಯೇ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಡಿಲ ಬಿಲ್ಲೆಗಳನ್ನು ಆಗಿಂದಾಗ್ಗೆ ಸರಿಪಡಿಸಿದ ಹಣವನ್ನು ಅದೇ ವರ್ಷದ ಆದಾಯದಲ್ಲಿ ಕಳೆಯಬಹುದು. ಇಡೀ ನೆಲವನ್ನು ಕಿತ್ತು ಹೊಸದಾಗಿ ಹಾಸಿದಾಗ ಅದು ಬಂಡವಾಳ ವೆಚ್ಚವೆಂಬ ತಕರಾರು ಏಳಬಹುದು. ಆಗ ದೊರೆಯುವುದು ವರ್ಷವರ್ಷದ ಸವಕಳಿ ಮಾತ್ರ. ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಟೈಲ್ಸ್ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ಜಮೆಯೂ ಸಿಗದು.

1995ರ ಶಾಂತಾ ಪ್ರಕರಣದ ತೀರ್ಪಿನಿಂದ ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿದೆ. ವೈದ್ಯರ ವೃತ್ತಿ ಹೊಣೆಗಾರಿಕೆ ವಿಮೆಯು ಚಿಕಿತ್ಸಾ ಲೋಪವನ್ನು ಉದ್ದೇಶಿಸಿದ್ದು. ಮೊಗಸಾಲೆಯಲ್ಲಿ ಜಾರಿ ಬಿದ್ದ ಸಂದರ್ಶಕನಿಗೂ ಅದು ಅನ್ವಯಿಸುವುದೇ ಎಂಬುದನ್ನು ಪಾಲಿಸಿ ಓದಿಯೇ ತಿಳಿಯಬೇಕು.

ಬಾಡಿಗೆ ಕಟ್ಟಡಗಳ ಸ್ಥಿತಿ ಇನ್ನೂ ತೊಡಕಿನದು. ನೆಲದ ದುರಸ್ತಿ ಯಾರದೆಂದು ಕರಾರಿನಲ್ಲಿ ಬರೆದಿರದಿದ್ದರೆ ಮಾಲೀಕ ವೈದ್ಯರತ್ತ, ವೈದ್ಯರು ಮಾಲೀಕನತ್ತ ಬೆರಳು ತೋರುತ್ತಾರೆ. ಅಷ್ಟರಲ್ಲಿ ಆಯಾ ಒದ್ದೆ ಬಟ್ಟೆ ಎಳೆಯುತ್ತಲೇ ಇರುತ್ತಾಳೆ. ಮುಂದಿನ ನವೀಕರಣದ ವೇಳೆ ಈ ಹೊಣೆಯನ್ನು ಕರಾರಿನಲ್ಲಿ ನಮೂದಿಸಿ, ಏಪ್ರಿಲ್‌ನಿಂದ ‘ನೆಲ ನಿರ್ವಹಣೆ’ ಎಂಬ ಪ್ರತ್ಯೇಕ ಖಾತೆ ತೆರೆಯುವುದು ಉಚಿತ.