ನಮಗ್ಯಾಕೆ ಪರದೇಶದ ಪಂಚಾಯ್ತಿ?



ಸಾರ್ಕ್ ದೇಶಗಳು ಕೂಡಿ 2010ರಲ್ಲಿ ದೆಹಲಿಯಲ್ಲಿ ಸೌತ್ ಏಷಿಯನ್ ಯೂನಿವರ್ಸಿಟಿ ತೆರೆದವು. ಅಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಇದೆ, ಪಾಠವೆಲ್ಲ ಇಂಗ್ಲಿಷಿನಲ್ಲೇ. ಚಂದಕವಾಡಿಯ ನಮ್ಮ ಕೇರಿ ಹೈಕಳು ಅದನ್ನು ಓದ್ತೀವಿ ಅಂದರೆ, "ನಿಮಗ್ಯಾಕ್ರಪ್ಪ ಪರದೇಶದ ಪಂಚಾಯ್ತಿ?" ಅಂತ ನಗ್ತಾರೆ. ಊರ ಪಂಚಾಯ್ತೀಲೇ ನಮ್ಮನ್ನು ದೂರ ನಿಲ್ಲಿಸಿದವರು ಈ ಮಾತಾಡೋದು!

ಯಾಕೆ ಅಂತ ಕೇಳಿ. 2001ರಲ್ಲಿ ವಿಶ್ವಸಂಸ್ಥೆ ಡರ್ಬಾನಿನಲ್ಲಿ ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿತು. ಜಾತಿಯ ಮಾತೂ ಬರಲಿ ಅಂತ ದಲಿತರು ಅಲ್ಲಿಗೇ ಹೋಗಿ ಕೂಗಿದರು. ಭಾರತ ಸರ್ಕಾರ ಮಾತ್ರ, ಜಾತಿ ಅಂದರೆ ಜನಾಂಗವಲ್ಲ, ಅದು ನಮ್ಮ ಮನೆಯೊಳಗಿನ ವಿಷಯ ಅಂತ ಬಾಗಿಲು ಹಾಕಿತು. ಯಾರ ಮನೆ ಸ್ವಾಮಿ? ನಮ್ಮನ್ನು ಹೊಸ್ತಿಲು ದಾಟಿಸದ ಮನೆ! ಆ ಮಾತಿಗೆ ಇಂಗ್ಲಿಷಿನಲ್ಲೇ ಉತ್ತರ ಬರೆಯೋಕೆ ನಮಗೆ ಬೇಕು ಈ ಓದು.

2022ರಲ್ಲಿ ಕೇಂದ್ರವು ಪರಿಶಿಷ್ಟರ ವಿದೇಶ ವಿದ್ಯಾರ್ಥಿವೇತನದಿಂದ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಓದನ್ನೇ ತೆಗೆಯಿತು. 1916ರಲ್ಲಿ ಕೊಲಂಬಿಯಾದಲ್ಲಿ ಜಾತಿಯ ಮೇಲೆ ಪ್ರಬಂಧ ಮಂಡಿಸಿದ ಬಾಬಾಸಾಹೇಬರು ಈ ನಿಯಮದ ಮುಂದೆ ಅರ್ಜಿ ಹಿಡಿದಿದ್ದರೆ?

ಕನ್ನಡದಲ್ಲಿ ಓದಿದ್ದು ನಮ್ಮ ತಪ್ಪಲ್ಲ. ಸರ್ಕಾರವೇ ಒಂದು ವರ್ಷ ಹಾಸ್ಟೆಲಿನಲ್ಲಿಟ್ಟು ಇಂಗ್ಲಿಷ್ ಕಲಿಸಿ ದೆಹಲಿಗೆ ಕಳಿಸಲಿ. ಮುಂದಿನ ಡರ್ಬಾನಿನಲ್ಲಿ ಬಾಗಿಲ ಹೊರಗೆ ಕೂಗೋಕೆ ನಾವು ಹೋಗೋದಿಲ್ಲ, ಒಳಗೆ ಕುರ್ಚಿ ಬೇಕು.