ಎರಡು ರಾಜಧಾನಿ, ಒಂದು ಹಗಲು

ಆಸ್ಟ್ರಿಯದ ರಾಜಧಾನಿ ವಿಯೆನ್ನಾದಲ್ಲಿ ಬೆಳಗಿನ ಕಾಫಿ ಕುಡಿದು ಕಾರು ಹತ್ತಿದವರು ಸ್ಲೊವಾಕಿಯದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಸಂಗೀತ ಕಛೇರಿಯ ಹೊತ್ತಿಗೆ ಮತ್ತೆ ವಿಯೆನ್ನಾದಲ್ಲಿರಬಹುದು. ನಡುವಿನ ದೂರ ನೆಟ್ಟಗೆ ಅಳೆದರೆ 60 ಕಿಲೋಮೀಟರಿಗಿಂತ ಕಡಿಮೆ. ರಸ್ತೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಬೆಂಗಳೂರಿನಿಂದ ತುಮಕೂರಿಗೆ ಹೋಗಿ ಬಂದಂತೆ. ರೋಮ್ ನಗರವನ್ನೂ ಅದರ ಹೊಟ್ಟೆಯೊಳಗೇ ಇರುವ ವ್ಯಾಟಿಕನ್ನನ್ನೂ ಬಿಟ್ಟರೆ, ಯುರೋಪಿನಲ್ಲಿ ಇಷ್ಟು ಹತ್ತಿರವಿರುವ ಎರಡು ರಾಜಧಾನಿಗಳು ಬೇರೆ ಇಲ್ಲ.

ಹತ್ತಿರ ಎಂಬುದು ಈಗಿನ ಮಾತು. 1989ರ ಕೊನೆಯವರೆಗೆ ಬ್ರಾಟಿಸ್ಲಾವಾದ ಸಾಮಾನ್ಯ ಪ್ರಜೆಗೆ ವಿಯೆನ್ನಾ ಕಣ್ಣಳತೆಯಲ್ಲಿದ್ದೂ ಕೈಗೆಟುಕದ ಊರು. ಎತ್ತರದ ಮನೆಗಳ ಕಿಟಕಿಯಿಂದ ಆಸ್ಟ್ರಿಯದ ಹೊಲಗದ್ದೆಗಳು ಕಾಣುತ್ತಿದ್ದವು. ಅಲ್ಲಿಗೆ ಹೋಗಲು ಸರ್ಕಾರದ ಅಪ್ಪಣೆ ಬೇಕಿತ್ತು, ಆ ಅಪ್ಪಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಈ ಒಂದು ಸಂಗತಿ ಗೊತ್ತಿದ್ದು ಹೊರಟರೆ ಒಂದು ದಿನದ ಈ ಪ್ರಯಾಣದ ರುಚಿಯೇ ಬೇರೆ. ಗೊತ್ತಿಲ್ಲದೆ ಹೋದರೆ ಎರಡು ಊರು, ನಾಲ್ಕು ಚರ್ಚು, ಒಂದಿಷ್ಟು ಫೋಟೊ, ಅಷ್ಟೇ.

ಹೋಗುವ ದಾರಿಗಳು ಹಲವು. ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಬಸ್ಸುಗಳೂ ಇವೆ. 2006ರಿಂದ ಡ್ಯಾನ್ಯೂಬ್ ನದಿಯಲ್ಲಿ ಓಡುತ್ತಿರುವ ವೇಗದ ದೋಣಿ ಪ್ರವಾಹದ ಜೊತೆ ಇಳಿಯುವಾಗ ಗಂಟೆಯ ಮೇಲೆ ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಪ್ರವಾಹಕ್ಕೆದುರಾಗಿ ವಾಪಸು ಬರುವಾಗ ಇನ್ನಷ್ಟು ಹೊತ್ತು. ಒಬ್ಬರೇ ಹೋಗುವವರಿಗೆ, ಇಬ್ಬರು ಹೋಗುವವರಿಗೆ ರೈಲೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜಿ, ಮಕ್ಕಳು ಎಂದು ನಾಲ್ಕೈದು ಜನರ ಸಂಸಾರ ಹೊರಟಾಗ ಚಾಲಕನ ಸಮೇತ ಕಾರನ್ನು ಇಡೀ ದಿನಕ್ಕೆ ಗೊತ್ತುಮಾಡಿಕೊಳ್ಳುವುದರಲ್ಲಿ ಅರ್ಥವಿದೆ. ಖರ್ಚು ಹೆಚ್ಚು, ನಿಜ. ಆದರೆ ರೈಲು ನಿಲ್ಲದ ಕಡೆ ಕಾರು ನಿಲ್ಲುತ್ತದೆ. ಈ ದಾರಿಯಲ್ಲಿ ನೋಡಬೇಕಾದ್ದರಲ್ಲಿ ಅರ್ಧಕ್ಕರ್ಧ ಇರುವುದು ರೈಲು ನಿಲ್ಲದ ಕಡೆಯಲ್ಲೇ.

ಗೊತ್ತುಮಾಡಿಕೊಳ್ಳುವ ಮುನ್ನ ಕೆಲವು ಮಾತು ಬಿಚ್ಚಿ ಆಡಿಕೊಳ್ಳುವುದು ಒಳ್ಳೆಯದು. ಎಷ್ಟು ಗಂಟೆ, ಎಲ್ಲೆಲ್ಲಿ ನಿಲುಗಡೆ, ಕಾಯುವ ಹೊತ್ತಿಗೆ ಬೇರೆ ದುಡ್ಡೇ, ಪಾರ್ಕಿಂಗ್ ಯಾರದ್ದು? ಎರಡೂ ದೇಶಗಳ ಹೆದ್ದಾರಿಗಳಿಗೆ ಬೇರೆ ಬೇರೆ ಸುಂಕವಿದೆ. ಅದು ಹೇಳಿದ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಕೇಳಬೇಕು. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರುವುದಿಲ್ಲ. ಆಸ್ಟ್ರಿಯದಲ್ಲಿ ಪ್ರವಾಸಿಗರಿಗೆ ಊರು ತೋರಿಸಿ ವಿವರಿಸುವುದು ಪರವಾನಗಿ ಬೇಕಾದ ವೃತ್ತಿ. ಕಾರಿನ ಚಾಲಕ ಎಷ್ಟೇ ತಿಳಿದವನಾದರೂ ಅರಮನೆಯೊಳಗೆ ಬಂದು ಕಥೆ ಹೇಳುವಂತಿಲ್ಲ. ‘ಡ್ರೈವರ್ರೇ ಗೈಡು’ ಎಂದು ನಂಬಿ ಹೋದವರು ಬಾಗಿಲಲ್ಲಿ ಪೆಚ್ಚಾಗುತ್ತಾರೆ. ಗೈಡ್ ಬೇಕಿದ್ದರೆ ಮೊದಲೇ ಹೇಳಿ ಬೇರೆ ಗೊತ್ತುಮಾಡಿಕೊಳ್ಳಬೇಕು.

ಹೆದ್ದಾರಿ ಹಿಡಿದರೆ ಕಾರು ಗಂಟೆಯೊಳಗೆ ಆಚೆ ದಡ ಸೇರಿಬಿಡುತ್ತದೆ. ಅದನ್ನು ಬಿಟ್ಟು ಡ್ಯಾನ್ಯೂಬಿನ ದಕ್ಷಿಣಕ್ಕೆ ಸಾಗುವ ಹಳೆಯ ರಸ್ತೆಯಲ್ಲೇ ಹೋಗು ಎಂದು ಚಾಲಕನಿಗೆ ಹೇಳುವುದು ಜಾಣತನ. ಮುಕ್ಕಾಲು ಗಂಟೆಯಲ್ಲಿ ಪೆಟ್ರೊನೆಲ್ ಎಂಬ ಹಳ್ಳಿ ಬರುತ್ತದೆ. ಇದೇ ಹಿಂದಿನ ಕಾರ್ನುಂಟಮ್, ರೋಮನ್ ಸಾಮ್ರಾಜ್ಯದ ಗಡಿನಗರ. ಬಯಲಿನ ನಡುವೆ ಒಂಟಿಯಾಗಿ, ಅರ್ಧ ಕುಸಿದು ನಿಂತಿರುವ ಕಲ್ಲಿನ ಕಮಾನು ಕ್ರಿಸ್ತಶಕ ನಾಲ್ಕನೆಯ ಶತಮಾನದ್ದು. ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಉತ್ತರದ ಬುಡಕಟ್ಟುಗಳ ಮೇಲೆ ಯುದ್ಧ ಮಾಡುತ್ತ ಇಲ್ಲಿ ಬೀಡುಬಿಟ್ಟಿದ್ದ. ತನಗಾಗಿಯೇ ಬರೆದುಕೊಂಡ ಚಿಂತನೆಗಳ ಒಂದು ಭಾಗವನ್ನು ಬರೆದದ್ದು ಇಲ್ಲೇ ಎಂದು ಆ ಪುಸ್ತಕವೇ ಹೇಳುತ್ತದೆ. ರೋಮಿಗೆ ಡ್ಯಾನ್ಯೂಬೇ ಎಲ್ಲೆ. ನದಿಯಾಚೆ ಇದ್ದವರೆಲ್ಲ ಅನಾಗರಿಕರು. ಈ ಪ್ರದೇಶಕ್ಕೆ ಗಡಿಯ ಹಣೆಬರಹ ಎರಡು ಸಾವಿರ ವರ್ಷದಷ್ಟು ಹಳೆಯದು. ಉತ್ಖನನದ ಮೇಲೆ ಹಳೆಯ ಮನೆಗಳನ್ನೂ ಸ್ನಾನಗೃಹವನ್ನೂ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಮಕ್ಕಳಿಗೆ ಹಿಡಿಸುತ್ತದೆ. ಮುರಿದ ಕಲ್ಲಿನಲ್ಲೇ ಸೊಗಸು ಕಾಣುವ ದೊಡ್ಡವರಿಗೆ ಅಷ್ಟಾಗಿ ಹಿಡಿಸಲಾರದು.

ಅಲ್ಲಿಂದ ಮುಂದಿನದು ಹೈನ್‌ಬುರ್ಗ್, ಕೋಟೆಗೋಡೆಯ ಸಣ್ಣ ಊರು. ಅದರ ದೊಡ್ಡ ಹೆಬ್ಬಾಗಿಲ ಕೆಳಗೇ ವಾಹನಗಳು ಹಾಯುತ್ತವೆ. ಇದರ ಪಕ್ಕದ ನದೀತೀರದ ಕಾಡಿನಲ್ಲಿ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಸರ್ಕಾರ ಹೊರಟಾಗ, 1984ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಕಾಡಿನೊಳಗೆ ಡೇರೆ ಹಾಕಿ ಕುಳಿತರು. ಪೊಲೀಸರ ಲಾಠಿ ಬೀಸಿತು, ತಲೆಗಳು ಒಡೆದವು. ಕೊನೆಗೆ ಕ್ರಿಸ್‌ಮಸ್ಸಿನ ಹೆಸರಿನಲ್ಲಿ ಸರ್ಕಾರ ಕೆಲಸ ನಿಲ್ಲಿಸಿತು. ಆ ಅಣೆಕಟ್ಟು ಮತ್ತೆ ಏಳಲಿಲ್ಲ. 1996ರಲ್ಲಿ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ರಸ್ತೆಯಿಂದ ಎಡಕ್ಕೆ ಹಸಿರಾಗಿ ಕಾಣುವುದು ಅದೇ.

ಮುಂದೆ ಬೆರ್ಗ್ ಎಂಬಲ್ಲಿ ಗಡಿ. ಗಡಿ ಎಂದರೆ ಏನೋ ಇರುತ್ತದೆಂದು ಕತ್ತು ಚಾಚಿ ಕೂತವರಿಗೆ ನಿರಾಸೆಯಾಗುತ್ತದೆ. ಸ್ಲೊವಾಕಿಯ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. 2007ರ ಡಿಸೆಂಬರ್ 21ರಂದು ಷೆಂಗೆನ್ ವ್ಯವಸ್ಥೆಯೊಳಗೆ ಬಂದಿತು. 2009ರಿಂದ ನಾಣ್ಯವೂ ಯೂರೋ. ಒಂದೇ ವೀಸಾ, ಒಂದೇ ದುಡ್ಡು. ಇನ್ನೊಂದು ದೇಶ ಬಂತೆಂದು ಗೊತ್ತಾಗುವುದು ಫಲಕದ ಭಾಷೆ ಬದಲಾದಾಗ. ಹಾಗೆಂದು ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗುವುದು ಮೂರ್ಖತನ. ಎತ್ತಿಟ್ಟ ಗೇಟನ್ನು ಬೇಕೆಂದಾಗ ಮತ್ತೆ ಇಳಿಸುವ ಹಕ್ಕು ಈ ದೇಶಗಳಿಗೆ ಇದ್ದೇ ಇದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಇಳಿಯಿತು. 2023ರ ಶರತ್ಕಾಲದಲ್ಲಿ ವಲಸಿಗರ ಕಾರಣಕ್ಕೆ ಆಸ್ಟ್ರಿಯ ಈ ಗಡಿಯಲ್ಲಿ ತಪಾಸಣೆ ಆರಂಭಿಸಿತು.

2020ರ ಆ ದಿನಗಳಲ್ಲಿ ಪೆಟ್ಟು ಬಿದ್ದದ್ದು ಪ್ರವಾಸಿಗರಿಗಲ್ಲ. ಆಸ್ಟ್ರಿಯದ ಮನೆಗಳಲ್ಲಿ ಹಾಸಿಗೆ ಹಿಡಿದ ವೃದ್ಧರನ್ನು ಹಗಲಿರುಳು ನೋಡಿಕೊಳ್ಳುವವರಲ್ಲಿ ಸ್ಲೊವಾಕಿಯದ ಹೆಂಗಸರು ಬಹಳ ಮಂದಿ. ಎರಡು ವಾರ ಅಲ್ಲಿ ಕೆಲಸ, ಎರಡು ವಾರ ಮನೆ ಎಂಬಂತೆ ಸರದಿ. ಗಡಿ ಮುಚ್ಚಿದಾಗ ಅತ್ತ ಇದ್ದವರು ಅತ್ತ, ಇತ್ತ ಇದ್ದವರು ಇತ್ತ. ಹನ್ನೆರಡು ವರ್ಷ ಜನ ಮರೆತೇಬಿಟ್ಟಿದ್ದ ಗೆರೆ ರಾತ್ರೋರಾತ್ರಿ ಎದ್ದು ನಿಂತಿತು.

ಬ್ರಾಟಿಸ್ಲಾವಾ ಎಂಬ ಹೆಸರು ಅಧಿಕೃತವಾದದ್ದು 1919ರಲ್ಲಿ. ಅದಕ್ಕೂ ಮುಂಚೆ ಜರ್ಮನರಿಗೆ ಇದು ಪ್ರೆಸ್‌ಬುರ್ಗ್, ಹಂಗೇರಿಯನ್ನರಿಗೆ ಪೊಜೊನ್ಯ್. ಆಗ ಊರಿನಲ್ಲಿ ಆ ಎರಡು ಮಂದಿಯೇ ಹೆಚ್ಚು, ಸ್ಲೊವಾಕರದು ಮೂರನೆಯ ಸ್ಥಾನ. ತುರ್ಕರು ಬುಡಾ ನಗರವನ್ನು ಹಿಡಿದ ಮೇಲೆ ಹಂಗೇರಿಯ ರಾಜಧಾನಿ ಇದೇ ಆಗಿತ್ತು. 1563ರಿಂದ 1830ರವರೆಗೆ ಹಂಗೇರಿಯ ರಾಜರಿಗೆ ಪಟ್ಟಾಭಿಷೇಕ ನಡೆದದ್ದು ಇಲ್ಲಿನ ಸಂತ ಮಾರ್ಟಿನ್ನರ ಚರ್ಚಿನಲ್ಲಿ. ಅದರ 85 ಮೀಟರ್ ಎತ್ತರದ ಗೋಪುರದ ತುದಿಯಲ್ಲಿ ಶಿಲುಬೆಯ ಬದಲು ಚಿನ್ನದ ಲೇಪದ ಕಿರೀಟವಿದೆ. 1741ರ ಜೂನ್ 25ರಂದು ಇಪ್ಪತ್ನಾಲ್ಕರ ಹರೆಯದ ಮರಿಯಾ ತೆರೇಸಾ ಇಲ್ಲಿ ಪಟ್ಟಕ್ಕೇರಿದಳು. ಗಂಡು ರಾಜರು ಮಾಡುವಂತೆ ಕುದುರೆಯೇರಿ ದಿಬ್ಬ ಹತ್ತಿ ನಾಲ್ಕು ದಿಕ್ಕಿಗೂ ಕತ್ತಿ ತೋರಿ ರಾಜ್ಯ ಕಾಯುವೆನೆಂದು ಸಾರಿದಳು. ಮುಂದೆ ಅವಳಿಗೊಂದು ಅಮೃತಶಿಲೆಯ ಪ್ರತಿಮೆ ನಿಲ್ಲಿಸಿದರು. ರಾಜ್ಯ ಹೋಗಿ ಚೆಕೊಸ್ಲೊವಾಕಿಯ ಹುಟ್ಟಿದ ಮೇಲೆ, 1921ರಲ್ಲಿ ಅದನ್ನು ಒಡೆದು ಹಾಕಿದರು.

ಗುಡ್ಡದ ಮೇಲಿನ ಬಿಳಿ ಕೋಟೆಗೆ ನಾಲ್ಕು ಮೂಲೆಗೆ ನಾಲ್ಕು ಗೋಪುರ. ತಲೆಕೆಳಗಾದ ಮೇಜು ಎಂದು ಊರವರೇ ತಮಾಷೆ ಮಾಡುತ್ತಾರೆ. 1811ರಲ್ಲಿ ಸುಟ್ಟುಹೋಗಿ ಒಂದೂವರೆ ಶತಮಾನದಷ್ಟು ಕಾಲ ಪಾಳುಬಿದ್ದಿದ್ದ ಅದನ್ನು 1950ರ ದಶಕದಲ್ಲಿ ಮತ್ತೆ ಕಟ್ಟಲು ಶುರುಮಾಡಿದರು. ಒಳಗಿಗಿಂತ ಅದರ ಅಂಗಳದಿಂದ ಕಾಣುವ ನೋಟವೇ ಚೆಂದ. ಕೆಳಗೆ ಡ್ಯಾನ್ಯೂಬ್, ಅದರ ಮೇಲೆ ಒಂದೇ ಕಂಬಕ್ಕೆ ಜೋತುಬಿದ್ದ ಸೇತುವೆ, ಕಂಬದ ತಲೆಯಲ್ಲಿ ಹಾರುವ ತಟ್ಟೆಯಂಥ ಹೋಟೆಲು. 1972ರಲ್ಲಿ ಕಮ್ಯುನಿಸ್ಟ್ ಸರ್ಕಾರ ಹೆಮ್ಮೆಯಿಂದ ಉದ್ಘಾಟಿಸಿದ ಸೇತುವೆ ಇದು. ಅದಕ್ಕೆ ದಾರಿ ಮಾಡಲು ಕೋಟೆಯ ಬುಡದಲ್ಲಿದ್ದ ಯಹೂದಿ ಕೇರಿಯನ್ನು, ಚರ್ಚಿನ ಪಕ್ಕದಲ್ಲೇ ಇದ್ದ ದೊಡ್ಡ ಸಿನಗಾಗನ್ನು ನೆಲಸಮ ಮಾಡಿದರು. ಈಗಲೂ ಪಟ್ಟಾಭಿಷೇಕದ ಚರ್ಚಿಗೆ ತಾಗಿಕೊಂಡಂತೆಯೇ ಹೆದ್ದಾರಿ ಗುಡುಗುತ್ತದೆ. ಸೇತುವೆ ನೋಡಲು ಸೊಗಸಾಗಿದೆ ಎಂಬುದನ್ನು ಒಪ್ಪಬೇಕು. ತೆತ್ತ ಬೆಲೆ ಮಾತ್ರ ಬಹಳವಾಯಿತು.

ಹಳೆಯ ಪೇಟೆ ಚಿಕ್ಕದು, ಎರಡು ತಾಸಿನ ನಡಿಗೆ. ಮ್ಯಾನ್‌ಹೋಲಿನಿಂದ ತಲೆಯೆತ್ತಿ ನಗುವ ಕಂಚಿನ ಮನುಷ್ಯನ ಸುತ್ತ ಯಾವಾಗಲೂ ಜನಜಂಗುಳಿ; 1997ರಲ್ಲಿ ಕೂರಿಸಿದ ಈ ಗೊಂಬೆಗೆ ಸಿಗುವ ಮರ್ಯಾದೆ ರಾಜರ ಚರ್ಚಿಗೂ ಇಲ್ಲ. ಸ್ವಲ್ಪ ಆಚೆ, ಗೋಡೆಯಿಂದ ಹಿಡಿದು ಮಾಡಿನ ಹೆಂಚಿನವರೆಗೆ ನೀಲಿಯೇ ಆದ ಪುಟ್ಟ ಚರ್ಚೊಂದಿದೆ. ಸಂತ ಎಲಿಜಬೆತಳ ಹೆಸರಿನದು, ಇಪ್ಪತ್ತನೆಯ ಶತಮಾನದ ಆರಂಭದ್ದು. ಊಟಕ್ಕೆ ಕೂತಾಗ ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ಆಲೂಗಡ್ಡೆ ಹಿಟ್ಟಿನ ಸಣ್ಣ ಉಂಡೆಗಳನ್ನು ಬೇಯಿಸಿ ಕುರಿಹಾಲಿನ ಗಿಣ್ಣು ಬೆರೆಸಿದ ಹಲುಷ್ಕಿ ಇಲ್ಲಿನ ಹೆಸರಾಂತ ತಿನಿಸು. ಅದರ ಮೇಲೆ ಹುರಿದ ಹಂದಿಮಾಂಸದ ಚೂರು ಉದುರಿಸುವುದು ರೂಢಿ. ಬೇಡವೆಂದು ಮೊದಲೇ ಹೇಳಬೇಕು. ಬೇಕರಿಗಳಲ್ಲಿ ಸಿಗುವ ಬಾಗಿದ ರೊಜೊಕ್‌ಗಳಿಗೆ ಆ ತಕರಾರಿಲ್ಲ. ಒಂದರೊಳಗೆ ಅಕ್ರೋಟ್ ಹೂರಣ, ಇನ್ನೊಂದರೊಳಗೆ ಗಸಗಸೆ. ಬಾಗಿದ ಆಕಾರ ನೋಡಿಯೇ ಯಾವುದು ಯಾವುದೆಂದು ಹೇಳಬಹುದು. ಗಸಗಸೆ ಪಾಯಸ ಕುಡಿದು ಬೆಳೆದವರಿಗೆ ಆ ರುಚಿ ಹೊಸದಲ್ಲ.

ಬಾಡಿಗೆ ಕಾರಿನ ದುಡ್ಡು ನಿಜವಾಗಿ ವಸೂಲಾಗುವುದು ಊಟದ ನಂತರ. ಊರಿನಿಂದ ಹತ್ತು ಕಿಲೋಮೀಟರ್ ಪಶ್ಚಿಮಕ್ಕೆ ದೆವೀನ್ ಎಂಬ ಕೋಟೆಯಿದೆ. ಮೊರಾವಾ ನದಿ ಬಂದು ಡ್ಯಾನ್ಯೂಬನ್ನು ಕೂಡುವ ಸಂಗಮದ ನೆತ್ತಿಯಲ್ಲಿ, ಬೋಳು ಬಂಡೆಯ ಮೇಲೆ ಅದರ ಅವಶೇಷ. 1809ರಲ್ಲಿ ನೆಪೋಲಿಯನ್ನನ ಸೈನಿಕರು ಸಿಡಿಮದ್ದಿಟ್ಟು ಉರುಳಿಸಿದ್ದು. ಮೇಲೆ ನಿಂತರೆ ಎರಡು ನೀರಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ. ಆಚೆ ದಡವೇ ಆಸ್ಟ್ರಿಯ. ಮೊರಾವಾ ಅಲ್ಲಿ ಅಂಥ ದೊಡ್ಡ ನದಿಯೇನೂ ಅಲ್ಲ. ಈಜು ಬಲ್ಲ ಹುಡುಗ ಕೆಲವು ನಿಮಿಷದಲ್ಲಿ ದಾಟಬಹುದು.

ದಾಟಲು ನೋಡಿದವರು ಹಲವರು. ಮುಳ್ಳುತಂತಿ, ಕಾವಲು ಗೋಪುರ, ನಾಯಿ, ಬಂದೂಕು. 1950ರ ದಶಕದಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಹರಿಸಿದ ತಂತಿಯೂ ಇತ್ತು. ಊರವರು ತಮ್ಮದೇ ನದಿಯ ದಡಕ್ಕೆ ಇಳಿಯುವಂತಿರಲಿಲ್ಲ. ಚೆಕೊಸ್ಲೊವಾಕಿಯದ ಪಶ್ಚಿಮದ ಗಡಿಯುದ್ದಕ್ಕೂ ಹೀಗೆ ಸತ್ತವರು ನೂರಾರು ಮಂದಿ. ಕೋಟೆಯ ಬುಡದಲ್ಲಿ, ನೀರಿನ ಅಂಚಿಗೆ, ಅವರ ನೆನಪಿಗೆ ಕಾಂಕ್ರೀಟಿನ ಒಂದು ಬಾಗಿಲನ್ನು ನಿಲ್ಲಿಸಿದ್ದಾರೆ. ಗುಂಡು ತಾಗಿದಂತೆ ಅದರ ಮೈತುಂಬ ತೂತು. ಹೆಚ್ಚಿನ ಪ್ರವಾಸಿಗರು ಕೋಟೆ ಹತ್ತುವ ಅವಸರದಲ್ಲಿ ಅದನ್ನು ನೋಡದೆ ಹೋಗುತ್ತಾರೆ. ಹತ್ತು ನಿಮಿಷ ಅಲ್ಲಿ ನಿಂತು ಆಚೆ ದಡ ನೋಡಿದರೆ, ಬೆಳಿಗ್ಗೆ ಬೆರ್ಗ್‌ನಲ್ಲಿ ಕಾರು ವೇಗ ಕೂಡ ಇಳಿಸದೆ ದಾಟಿದ್ದು ಏನನ್ನು ಎಂಬುದು ತಿಳಿಯುತ್ತದೆ.

1989ರ ಡಿಸೆಂಬರ್ 10ರಂದು, ಆಡಳಿತ ಉರುಳಿದ ಬೆನ್ನಿಗೇ, ಬ್ರಾಟಿಸ್ಲಾವಾದ ಜನ ಆಸ್ಟ್ರಿಯದ ಹೈನ್‌ಬುರ್ಗ್‌ಗೆ ನಡೆದುಕೊಂಡೇ ಹೋದರು. ಒಂದು ಲಕ್ಷಕ್ಕೂ ಹೆಚ್ಚು ಮಂದಿ. ಗಂಡಸರು, ಹೆಂಗಸರು, ತಳ್ಳುಗಾಡಿಯಲ್ಲಿ ಮಕ್ಕಳು. ಅಲ್ಲಿ ಹೋಗಿ ಮಾಡಿದ್ದೇನೂ ಇಲ್ಲ. ಹೋದರು, ನೋಡಿದರು, ಸಂಜೆಗೆ ಮನೆಗೆ ಬಂದರು. ಈ ಎರಡು ಊರುಗಳ ನಡುವೆ ನಡೆದ ಒಂದು ದಿನದ ಪ್ರವಾಸಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ದೆವೀನಿನ ಉತ್ತರಕ್ಕೆ ಮೊರಾವಾದ ಮೇಲೆ 2012ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಸೇತುವೆ ಕಟ್ಟಿದರು. ಅದಕ್ಕೇನು ಹೆಸರಿಡೋಣ ಎಂದು ಸಾರ್ವಜನಿಕರನ್ನು ಕೇಳಿದಾಗ ಅತಿ ಹೆಚ್ಚು ಮತ ಬಿದ್ದದ್ದು ಅಮೆರಿಕದ ಹೊಡೆದಾಟದ ಚಿತ್ರಗಳ ನಟ ಚಕ್ ನಾರಿಸ್ ಹೆಸರಿಗೆ! ಅಧಿಕಾರಿಗಳು ಬೆವರೊರೆಸಿಕೊಂಡು ಸ್ವಾತಂತ್ರ್ಯ ಸೇತುವೆ ಎಂದು ಇಟ್ಟರು. ಆಚೆಗೆ ನಡೆದರೆ ಮರಿಯಾ ತೆರೇಸಾಳ ಬೇಸಗೆ ಅರಮನೆ ಶ್ಲಾಸ್ ಹೋಫ್ ಹತ್ತಿರದಲ್ಲೇ ಇದೆ. ಕಾರು ಮಾತ್ರ ಈ ಸೇತುವೆಯಲ್ಲಿ ಹೋಗುವಂತಿಲ್ಲ. ಒಂದೇ ದಿನದಲ್ಲಿ ಅರಮನೆಯನ್ನೂ ಸೇರಿಸಲು ಹೊರಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ.

ಸಂಜೆ ವಾಪಸಾಗುವಾಗ ಹೆದ್ದಾರಿಯೇ ಸರಿ. ಆ ಹೊತ್ತಿನಲ್ಲಿ ಬ್ರಾಟಿಸ್ಲಾವಾದಿಂದ ಆಸ್ಟ್ರಿಯದ ಕಡೆಗೆ ಹೋಗುವ ಕಾರುಗಳೂ ಬಹಳ. ಅವು ಪ್ರವಾಸಿಗರದ್ದಲ್ಲ. ರಾಜಧಾನಿಯಲ್ಲಿ ಮನೆಯ ಬೆಲೆ ಏರಿದಾಗ ಸ್ಲೊವಾಕರು ಗಡಿಯಾಚೆಗಿನ ಕಿಟ್‌ಸೇ, ವೊಲ್ಫ್‌ಸ್ಟಾಲ್‌ನಂಥ ಆಸ್ಟ್ರಿಯದ ಹಳ್ಳಿಗಳಲ್ಲಿ ಮನೆ ಮಾಡಿದರು. ಬೆಳಿಗ್ಗೆ ಒಂದು ದೇಶದಲ್ಲಿ ಕೆಲಸಕ್ಕೆ, ರಾತ್ರಿ ಇನ್ನೊಂದು ದೇಶದಲ್ಲಿ ನಿದ್ದೆಗೆ. 1914ರಲ್ಲಿ ವಿಯೆನ್ನಾದಿಂದ ಪ್ರೆಸ್‌ಬುರ್ಗ್ ಪೇಟೆಯವರೆಗೆ ವಿದ್ಯುತ್ ರೈಲೊಂದು ಶುರುವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಗಡಿಯಲ್ಲಿ ಅದರ ಹಳಿ ಕಡಿಯಿತು. ವಿಯೆನ್ನಾದಿಂದ ಹೊರಡುವ ಆ ದಾರಿಯ ಲೋಕಲ್ ರೈಲು ಇಂದಿಗೂ ವೊಲ್ಫ್‌ಸ್ಟಾಲ್‌ನಲ್ಲೇ ನಿಂತುಬಿಡುತ್ತದೆ. ಬ್ರಾಟಿಸ್ಲಾವಾ ಅಲ್ಲಿಂದ ಕೆಲವೇ ಕಿಲೋಮೀಟರ್.