ಜಾಗ ಇದೆ, ಬಾ ಮಗು

ಮಕ್ಕಳೇ, ಸರ್ಕಾರಿ ಶಾಲೆಯಲ್ಲಿ ಸೀಟು ಯಾರಿಗೆ ಸಿಗುತ್ತದೆ? ನನ್ನ ಮೊಮ್ಮಗಳ ಪ್ರಶ್ನೆಯಿದು. ಬಾಗಿಲಿಗೆ ಬಂದ ಮಗುವಿಗೆಲ್ಲ! 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ, 6ರಿಂದ 14 ವರ್ಷದ ಮಕ್ಕಳಿಗೆ ಮನೆ ಹತ್ತಿರದ ಶಾಲೆಯಲ್ಲಿ 8ನೇ ತರಗತಿವರೆಗೆ ಉಚಿತ ಓದು. ಸೇರಿಸಿಕೊಳ್ಳಲು ಪರೀಕ್ಷೆ ಇಡುವಂತಿಲ್ಲ. ಜನನ ಪ್ರಮಾಣಪತ್ರವಿಲ್ಲ, ಟಿ.ಸಿ. ಬಂದಿಲ್ಲ, ವರ್ಷದ ನಡುವೆ ಬಂದಿರಿ ಎಂದು ವಾಪಸು ಕಳಿಸುವಂತಿಲ್ಲ. ಈವರೆಗೆ ಶಾಲೆಯನ್ನೇ ಕಾಣದ ಹತ್ತು ವರ್ಷದವಳನ್ನೂ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು.

ಅಜ್ಜ–ಅಜ್ಜಿಯರೇ, ನಿಮ್ಮ ಬೀದಿಗೆ ಕಟ್ಟಡ ಕೆಲಸಕ್ಕೆ ದೂರದೂರಿಂದ ಕುಟುಂಬ ಬಂದಿದೆಯೇ? ಮರಳ ರಾಶಿಯಲ್ಲಿ ಆಡುವ ಮಗುವಿನ ವಯಸ್ಸು ಕೇಳಿ. ಆರು ದಾಟಿದ್ದರೆ ಅದರ ಅಪ್ಪ–ಅಮ್ಮನ ಜತೆ ಹೆಡ್‌ಮೇಷ್ಟ್ರ ಹತ್ತಿರ ಹೋಗಿ ಬನ್ನಿ. ಮಕ್ಕಳೇ, ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡುವ ಕೆಲಸ ನಿಮ್ಮದು.